ನಿಮಗಿದು ಗೊತ್ತೇ? ಒಂದೇ ಅಚ್ಚು, ಮೂರು ಮರಿ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ‘ರೆಕಾರ್ಡ್’ ಬರೆಯುವುದೆಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆಯಬೇಕು. ನಾವು ಬರೆಯುತ್ತಿದ್ದುದು ಸೀನಿಯರುಗಳ ರೆಕಾರ್ಡಿನಲ್ಲಿ ಕಂಡದ್ದನ್ನು. ದಾವಣಗೆರೆಯ ಕಾಲೇಜೊಂದರಲ್ಲಿ ನಾನೂ ಹಾಗೆಯೇ ಮೆಕ್ಕೆಜೋಳದ ಕಾಂಡದ ಅಡ್ಡಕೊಯ್ತವನ್ನು ಕೈವಾರ ಇಟ್ಟು, ಚೊಕ್ಕ ದುಂಡಗೆ ಬರೆದು ಒಪ್ಪಿಸಿದ್ದೆ. ಮೇಷ್ಟ್ರು ಸ್ಲೈಡನ್ನೊಮ್ಮೆ ನೋಡಿದರು, ಚಿತ್ರವನ್ನೊಮ್ಮೆ ನೋಡಿದರು. ಸ್ಲೈಡಿನಲ್ಲಿ ಕೊಯ್ತದ ಒಂದು ಮಗ್ಗುಲು ಹರಿದುಹೋಗಿತ್ತು. “ಏನಪಾ, ಇದು ನಿನ್ ಕಣ್ಣಿಗೆ ಕಂಡಿದ್ದೋ, ಅವನ ರೆಕಾರ್ಡಿನಾಗೆ ಕಂಡಿದ್ದೋ?” ಅಂದರು. ನಾನು ಸುಮ್ಮನೆ ಬೆಂಚು ನೋಡಿದೆ.

ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಜರ್ಮನಿಯ ಒಬ್ಬ ಮಹಾಪಂಡಿತನಿಗೂ ಹಿಂದೊಮ್ಮೆ ಕೇಳಿದ್ದರು. ಆತ ಎರ್ನ್‌ಸ್ಟ್ ಹೆಕೆಲ್. ಹುಟ್ಟಿದ್ದು 1834ರ ಫೆಬ್ರವರಿ 16, ಪಾಟ್ಸ್‌ಡಾಮ್‌ನಲ್ಲಿ. ತೀರಿಕೊಂಡದ್ದು 1919ರ ಆಗಸ್ಟ್ 9, ಯೆನಾದಲ್ಲಿ. ಡಾರ್ವಿನ್ನನ ವಿಕಾಸವಾದವನ್ನು ಜರ್ಮನಿಯ ಮನೆಮನೆಗೆ ಮುಟ್ಟಿಸಿದವನು. ಈ ಸಲದ ಅಂಕಣವಿಡೀ ಅವನದೇ.

*

ಹೆಕೆಲ್ 1868ರಲ್ಲಿ ‘ಸೃಷ್ಟಿಯ ನೈಸರ್ಗಿಕ ಇತಿಹಾಸ’ ಎಂಬರ್ಥದ ಹೆಸರಿನ ಪುಸ್ತಕ ತಂದ. ಅದರಲ್ಲಿ ನಾಯಿ, ಕೋಳಿ, ಆಮೆ ಈ ಮೂರರ ಎಳೆಯ ಭ್ರೂಣಗಳ ಚಿತ್ರ ಅಕ್ಕಪಕ್ಕ ಇದ್ದವು. ನೋಡಿ, ಮೂರೂ ಎಷ್ಟು ಒಂದೇ ತರಹ ಇವೆ ಎಂಬುದು ಅವನ ವಾದ. ಒಂದೇ ತರಹ ಇರದೆ ಏನು? ಮೂರನ್ನೂ ಮುದ್ರಿಸಿದ್ದು ಒಂದೇ ಮರದ ಅಚ್ಚಿನಿಂದ! ಅದೇ ವರ್ಷ ಇದನ್ನು ಹಿಡಿದು ತೋರಿಸಿದವರು ಬಾಸೆಲ್‌ನ ಪ್ರಾಧ್ಯಾಪಕ ಲುಡ್ವಿಗ್ ರ‍್ಯೂಟಿಮೇಯರ್. ನಮ್ಮ ನಾಡಿಗೆ ಹೆಂಚು, ಮಗ್ಗ, ಅಚ್ಚುಕೂಟ ತಂದ ಬಾಸೆಲ್ ಮಿಷನ್ ಇದೆಯಲ್ಲ, ಅದೇ ಊರು.

ಹೆಕೆಲ್ ಮುಂದಿನ ಆವೃತ್ತಿಯಲ್ಲಿ ಏನು ಮಾಡಿದ ಗೊತ್ತೇ? ಮೂರು ಚಿತ್ರ ತೆಗೆದು ಒಂದನ್ನೇ ಉಳಿಸಿದ. ಇಷ್ಟು ಎಳೆಯದರಲ್ಲಿ ಯಾವುದು ಯಾವುದೆಂದು ಹೇಳಲಿಕ್ಕೇ ಆಗದು, ಒಂದಿದ್ದರೆ ಸಾಕು ಎಂಬ ಧಾಟಿ. ತಪ್ಪನ್ನು ತಿದ್ದಿಕೊಂಡ ಹಾಗೂ ಆಯಿತು, ವಾದ ಬಿಡದ ಹಾಗೂ ಆಯಿತು. ನನ್ನ ಮೇಷ್ಟ್ರ ಮುಂದೆ ನನಗೆ ಇದು ಹೊಳೆದಿರಲಿಲ್ಲ.

*

ಅವನ ಅತಿ ಪ್ರಸಿದ್ಧ ಭ್ರೂಣಚಿತ್ರ ಬಂದದ್ದು 1874ರಲ್ಲಿ. ಮೀನು, ಸಾಲಮಾಂಡರ್, ಆಮೆ, ಕೋಳಿ, ಹಂದಿ, ಕರು, ಮೊಲ, ಮನುಷ್ಯ: ಎಂಟು ಜೀವಿಗಳು ಎಂಟು ಸಾಲಿನಲ್ಲಿ, ಒಂದೊಂದೂ ಮೂರು ಹಂತಗಳಲ್ಲಿ. ಮೇಲಿನ ಹಂತದಲ್ಲಿ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ. ಕೆಳಗಿಳಿದಂತೆ ಬೇರೆ ಬೇರೆ. ಗಾತ್ರದ ವ್ಯತ್ಯಾಸವನ್ನು ಅಳಿಸಿ, ತನಗೆ ಬೇಡದ ವಿವರ ಬಿಟ್ಟು, ಬೇಕಾದದ್ದನ್ನು ಒತ್ತಿ ಬರೆದಿದ್ದಾನೆ ಎಂದು ಅಂಗರಚನಾ ತಜ್ಞ ವಿಲ್ಹೆಲ್ಮ್ ಹಿಸ್ ಹರಿಹಾಯ್ದ. ಚಿತ್ರ ಮಾತ್ರ ಶತಮಾನಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ನಕಲಾಗುತ್ತ ಹೋಯಿತು. ರೆಕಾರ್ಡ್ ಕಾಪಿ ಹೊಡೆಯುವುದು ನಮ್ಮೂರಿನ ಹುಡುಗರ ಕಸುಬು ಮಾತ್ರವಲ್ಲ.

ಕೊನೆಗೆ ಬ್ರಿಟನ್ನಿನ ಮೈಕೆಲ್ ರಿಚರ್ಡ್‌ಸನ್ ಮತ್ತು ಸಂಗಡಿಗರು ಬೇರೆ ಬೇರೆ ಪ್ರಾಣಿಗಳ ನಿಜವಾದ ಭ್ರೂಣಗಳನ್ನು ಹೋಲಿಸಿ ನೋಡಿದರು. ಹೆಕೆಲ್ ತೋರಿಸಿದಷ್ಟು ಸಾಮ್ಯ ಇರಲಿಲ್ಲ. ಅವರ ಪ್ರಬಂಧ ಅಚ್ಚಾದದ್ದು 1997ರ ಆಗಸ್ಟ್‌ನಲ್ಲಿ. ಅದೇ ತಿಂಗಳ 15ರಂದು ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ಎರಡಕ್ಕೂ ಸಂಬಂಧವಿಲ್ಲ, ನೆನಪಿಟ್ಟುಕೊಳ್ಳಲು ಸುಲಭ ಅಷ್ಟೆ.

*

ಯೆನಾ ವಿಶ್ವವಿದ್ಯಾಲಯ ವಿಚಾರಣೆ ನಡೆಸಿ ಹೆಕೆಲ್‌ಗೆ ವಂಚನೆಯ ಶಿಕ್ಷೆ ಕೊಟ್ಟಿತು ಎಂಬ ಮಾತನ್ನು ನೀವೂ ಕೇಳಿರಬಹುದು. ಅದು ಕಟ್ಟುಕಥೆ. ಅಂಥ ವಿಚಾರಣೆಯೂ ಇಲ್ಲ, ಶಿಕ್ಷೆಯೂ ಇಲ್ಲ. ಅವನ ಚಿತ್ರ ತಿರುಚಿದ್ದೆಂದು ಬೈಯಲು ಅವನ ಚರಿತ್ರೆಯನ್ನೇ ತಿರುಚುವುದು ಯಾವ ನ್ಯಾಯ?

*

ಹಾಗಾದರೆ ಭ್ರೂಣಗಳ ಹೋಲಿಕೆಯೇ ಸುಳ್ಳೇ? ಅಲ್ಲ. ಇಲ್ಲಿ ಸ್ವಲ್ಪ ನಿಲ್ಲೋಣ.

ತಾಯಿಯ ಹೊಟ್ಟೆಯಲ್ಲಿ ನಾಲ್ಕು ವಾರ ತುಂಬಿದ ಭ್ರೂಣದ ಉದ್ದ 4ರಿಂದ 5 ಮಿಲಿಮೀಟರ್. ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಬಂದ ಒಂದು ಮಂಡಕ್ಕಿ ಕಾಳನ್ನು ಅಂಗೈ ಮೇಲಿಟ್ಟುಕೊಳ್ಳಿ, ಅದರ ಅರ್ಧ. ಅಷ್ಟು ಪುಟ್ಟ ದೇಹಕ್ಕೆ ಬಾಲವಿದೆ. ಎಂಟನೇ ವಾರದ ಹೊತ್ತಿಗೆ ಅದು ಕರಗುತ್ತದೆ. ಕತ್ತಿನ ಬಳಿ ಮಡಿಕೆ ಮಡಿಕೆಯಾದ ಕಮಾನುಗಳಿವೆ. ಮೀನಿನ ಭ್ರೂಣದಲ್ಲೂ ಇವೆ, ಅಲ್ಲಿ ಇವುಗಳಿಂದ ಕಿವಿರು ಹುಟ್ಟುತ್ತದೆ. ನಮ್ಮಲ್ಲಿ ಇವು ಯಾವತ್ತೂ ಕಿವಿರಾಗುವುದಿಲ್ಲ. ಮೊದಲನೆಯ ಕಮಾನು ದವಡೆಯಾಗುತ್ತದೆ. ಜೊತೆಗೆ ಕಿವಿಯೊಳಗಿನ ಮೂರು ಪುಟ್ಟ ಮೂಳೆಗಳಲ್ಲಿ ಎರಡಕ್ಕೆ ಮೂಲವಾಗುತ್ತದೆ. ಮೂರನೆಯ ಮೂಳೆ ಎರಡನೆಯ ಕಮಾನಿನ ಕೊಡುಗೆ. ಸಂಜೆ ಗಾಡಿಯ ಮುಂದೆ ನಿಂತು ಮೆಣಸಿನಕಾಯಿ ಕಚ್ಚುವ ದವಡೆ, ಬಾಣಲೆಯ ಚುರ್ ಸದ್ದನ್ನು ಮೊದಲೇ ಹಿಡಿದ ಕಿವಿಯ ಆ ಎರಡು ಮೂಳೆ, ಎಲ್ಲವೂ ಒಂದೇ ಮಡಿಕೆಯಿಂದ ಬಂದವು. ಕನ್ನಡದ ‘ಕಿವಿರು’ ಪದದಲ್ಲೇ ಕಿವಿ ಕೂತಿರುವುದು ಮೋಜಿನ ಸಂಗತಿ. ಅದನ್ನು ವಿಜ್ಞಾನವೆಂದು ಯಾರೂ ಹೊತ್ತು ತಿರುಗಬೇಡಿ.

ಹೆಕೆಲ್ ಹೇಳಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಪ್ರತಿ ಜೀವಿಯೂ ಭ್ರೂಣಾವಸ್ಥೆಯಲ್ಲಿ ತನ್ನ ಪೂರ್ವಜರ ರೂಪಗಳನ್ನು ಒಂದೊಂದಾಗಿ ಹಾದು ಬರುತ್ತದೆ, ಅಂದರೆ ನಾವು ಗರ್ಭದಲ್ಲಿ ಒಮ್ಮೆ ಮೀನಾಗಿರುತ್ತೇವೆ ಎಂಬುದು ಅವನ ‘ಜೀವಜನನ ನಿಯಮ’. ಇದು ಬಿದ್ದುಹೋಯಿತು. ನಾವು ಮೀನಾಗುವುದಿಲ್ಲ, ನಮ್ಮ ಭ್ರೂಣವೂ ಮೀನಿನ ಭ್ರೂಣವೂ ಒಂದಿಷ್ಟು ದಾರಿ ಜೊತೆಯಲ್ಲಿ ನಡೆಯುತ್ತವೆ. ವಿಕಾಸಕ್ಕೆ ಸಾಕ್ಷಿಯಾಗಲು ಅಷ್ಟೇ ಸಾಕಿತ್ತು. ನಿಜದಲ್ಲೇ ಬೇಕಾದಷ್ಟು ಬಲವಿದ್ದಾಗ ಮೇಲೆ ಬಣ್ಣ ಹಚ್ಚಿದ್ದೇ ಹೆಕೆಲ್ ಮಾಡಿದ ಅನಾಹುತ. ವಿಕಾಸವಾದವನ್ನು ಒಪ್ಪದವರು ಇವತ್ತಿಗೂ ಮೊದಲು ಹಿಡಿದು ಎಳೆಯುವುದು ಆ ಚಿತ್ರವನ್ನೇ.

*

ಹೆಕೆಲ್ ದಾವಣಗೆರೆ ಕಡೆ ಸುಳಿದವನಲ್ಲ. 1881ರ ನವೆಂಬರ್‌ನಲ್ಲಿ ಬೊಂಬಾಯಿಗೆ ಬಂದಿಳಿದು, ಕೆಲ ದಿನವಿದ್ದು, ಹಡಗು ಹತ್ತಿ ಸಿಂಹಳಕ್ಕೆ ಹೋದ. ಅಲ್ಲಿನ ವೆಲಿಗಾಮದ ತಂಗುಮನೆಯಲ್ಲಿ ಪ್ರಯೋಗಾಲಯ ಹೂಡಿ ಕಡಲ ಜೀವಿಗಳನ್ನು ಹೆಕ್ಕಿದ. ನಮ್ಮ ಕರಾವಳಿ ಅವನ ಹಡಗಿನ ಎಡಮಗ್ಗುಲಲ್ಲಿ ಹಾದುಹೋಗಿರಬೇಕು.

ಅವನಿಗಿಂತ ಎರಡು ವರ್ಷ ದೊಡ್ಡವನಾದ ಇನ್ನೊಬ್ಬ ಜರ್ಮನ್ ಆ ಹೊತ್ತಿಗೆ ಕನ್ನಡದಲ್ಲಿ ಮುಳುಗಿಹೋಗಿದ್ದ: 1832ರಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್. ಕಿಟ್ಟೆಲ್ ಪದ ಕೂಡಿಸಿದ, ಹೆಕೆಲ್ ಪದ ಹುಟ್ಟಿಸಿದ.

*

ಎಷ್ಟು ಪದ ಹುಟ್ಟಿಸಿದ ಅನ್ನುತ್ತೀರಿ? ಪ್ರಥಮ ಪಿಯುಸಿಯ ಮಕ್ಕಳು ಬಾಯಿಪಾಠ ಮಾಡುವ ಐದು ಜೀವಸಾಮ್ರಾಜ್ಯಗಳಲ್ಲಿ ‘ಮೊನೆರಾ’, ‘ಪ್ರೊಟಿಸ್ಟಾ’ ಎರಡೂ ಅವನ ಟಂಕಸಾಲೆಯಿಂದ ಬಂದ ಹೆಸರುಗಳು. ಪ್ರಾಣಿಗಳ ವರ್ಗೀಕರಣದ ‘ಫೈಲಮ್’ ಅವನದು. ‘ಫೈಲೊಜೆನಿ’, ‘ಆಂಟೊಜೆನಿ’ ಅವನವು.

‘ಸ್ಟೆಮ್ ಸೆಲ್’ ಕೂಡ. 1868ರ ಅದೇ ಗಲಾಟೆಯ ಪುಸ್ತಕದಲ್ಲಿ ಅವನು ಬಳಸಿದ ಜರ್ಮನ್ ಪದ ‘ಶ್ಟಾಮ್‌ತ್ಸೆಲ್ಲೆ’. ಶ್ಟಾಮ್ ಎಂದರೆ ಮರದ ಬೊಡ್ಡೆ. ಅವನ ಮನಸ್ಸಿನಲ್ಲಿದ್ದದ್ದು ವಂಶವೃಕ್ಷದ ಬೊಡ್ಡೆ. ಎಲ್ಲ ಜೀವಿಗಳಿಗೂ ಮೂಲವಾದ ಏಕಕೋಶಜೀವಿ. ಅದು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಬಂದು ‘ಕಾಂಡಕೋಶ’ ಆಯಿತು. ಗಿಡದ ಕಾಂಡಕ್ಕೂ ಇದಕ್ಕೂ ಏನು ಸಂಬಂಧ ಸಾರ್ ಎಂದು ಕೇಳುವ ಹುಡುಗಿಗೆ ಉತ್ತರ ಯೆನಾದಲ್ಲಿದೆ.

1914ರ ಸೆಪ್ಟೆಂಬರ್‌ನಲ್ಲಿ ಯೂರೋಪಿನ ಯುದ್ಧಕ್ಕೆ ‘ಮೊದಲ ಮಹಾಯುದ್ಧ’ ಎಂಬರ್ಥದ ಹೆಸರು ಕೊಟ್ಟವರಲ್ಲೂ ಅವನೇ ಮೊದಲಿಗ. ಎರಡನೆಯದು ಬರುವ ಮುಂಚೆಯೇ ಮೊದಲನೆಯದು ಅಂದಿದ್ದ!

*

ಇವೆಲ್ಲಕ್ಕಿಂತ ದೊಡ್ಡ ಪದ 1866ರದು: ‘ಎಕಾಲಜಿ’. ಗ್ರೀಕಿನ ‘ಒಯ್ಕೊಸ್’ ಎಂದರೆ ಮನೆ. ಜೀವಿಗೂ ಅದರ ಸುತ್ತಣ ಜಗತ್ತಿಗೂ ಇರುವ ಸಂಬಂಧಗಳ ಶಾಸ್ತ್ರ ಎಂದು ಅರ್ಥ ಹೇಳಿದ. ನಾವು ಪರಿಸರ ವಿಜ್ಞಾನ ಅನ್ನುತ್ತೇವೆ. ಹೆಸರಿಟ್ಟವನು ಆ ಶಾಸ್ತ್ರದಲ್ಲಿ ಹೆಚ್ಚೇನೂ ದುಡಿಯಲಿಲ್ಲ. ನಾಮಕರಣ ಮಾಡಿ ಎದ್ದುಹೋದ ಸೋದರತ್ತೆಯ ಹಾಗೆ.

ಆ ಪದದ ತೂಕ ಏನೆಂದು ಹರಿಹರದವರಿಗೆ ಚೆನ್ನಾಗಿ ಗೊತ್ತು. ಹೊಳೆಯ ಆಚೆ ದಂಡೆ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಶುರುವಾದದ್ದು ಹರಿಹರ ಪಾಲಿಫೈಬರ್ಸ್. ಹೆಸರು ಈ ದಂಡೆಯದು, ಚಿಮಣಿ ಆ ದಂಡೆಯದು. ಮರವನ್ನು ಅರೆದು ತಿರುಳು ಮಾಡಿ, ರೇಯಾನ್ ನೂಲಿಗೆ ಒದಗಿಸುವ ಕೆಲಸ. ತುಂಗಭದ್ರೆಯ ನೀರು ಕೆಡುತ್ತಿದೆ, ಮೀನು ಸಾಯುತ್ತಿವೆ ಎಂದು ಹೊಳೆಯ ಕೆಳಗಣ ಹಳ್ಳಿಗಳವರು ದನಿ ಎತ್ತಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಬೆನ್ನಿಗೆ ನಿಂತಿತು.

ಜಗಳ ನೀರಿಗೆ ನಿಲ್ಲಲಿಲ್ಲ. ಕಾರ್ಖಾನೆಗೆ ಮರ ಬೇಕು. ಮರಕ್ಕೆ ನೆಲ ಬೇಕು. ಸರ್ಕಾರವೂ ಕಾರ್ಖಾನೆಯೂ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಜಮೀನು, ಅಂದರೆ ಹಳ್ಳಿಯವರ ದನ ಮೇಯುವ, ಸೌದೆ ಆರಿಸುವ ಜಾಗ, ನೀಲಗಿರಿ ತೋಪಾಗಬೇಕಿತ್ತು. ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತರು. ಕಿತ್ತ ಗುಂಡಿ ಬರಿದು ಬಿಡದೆ ಊರಿಗೆ ಉಪಯೋಗವಾಗುವ ಗಿಡ ನೆಟ್ಟರು. ಆ ಸತ್ಯಾಗ್ರಹಕ್ಕೆ ಅವರಿಟ್ಟ ಹೆಸರು ‘ಕಿತ್ತಿಕೊ, ಹಚ್ಚಿಕೊ’. 1991ರಲ್ಲಿ ಪಲ್ಪ್‌ವುಡ್ ಕಂಪನಿಗೆ ಬಾಗಿಲು ಬಿತ್ತು.

ಮೀನು, ಮರ, ದನ, ನೂಲು, ಕೆಲಸ, ಕುಡಿಯುವ ನೀರು ಎಲ್ಲವೂ ಒಂದೇ ಮನೆಯ ಸದಸ್ಯರೆಂದು ಆ ಹಳ್ಳಿಗಳವರಿಗೆ ಯಾವ ಜರ್ಮನ್ ಪ್ರೊಫೆಸರೂ ಹೇಳಿಕೊಡಬೇಕಿರಲಿಲ್ಲ. ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳ ಹರಿಹರದ ಬಳಿ ಹೊಳೆ ಸೇರುತ್ತದೆ. ದಾವಣಗೆರೆಯ ನಲ್ಲಿಗೆ ನೀರು ರಾಜನಹಳ್ಳಿಯ ಜಾಕ್‌ವೆಲ್‌ನಿಂದ ಬರುತ್ತದೆ. ಒಯ್ಕೊಸ್ ಅಂದರೆ ಇಷ್ಟೇ.

*

ಈ ಮನೆಯಲ್ಲಿ ಕುರುಚಲು ಕಾಡಿಗೂ ಒಂದು ಕೋಣೆಯಿದೆ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ವನ್ಯಧಾಮವಾಯಿತು. ಯಾರಿಗಾಗಿ ಗೊತ್ತೇ? ತಲೆಯ ಮೇಲೆ ನಾಲ್ಕು ಕೊಂಬು ಹೊತ್ತು ನಾಚಿಕೊಂಡು ಓಡಾಡುವ ಕೊಂಡುಕುರಿಗಾಗಿ. ಕುರುಚಲು ಕಾಡನ್ನು ಪಾಳುಭೂಮಿ ಅನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು.

*

ಹೆಕೆಲ್‌ನನ್ನು ಬರೀ ಸುಳ್ಳುಗಾರನೆಂದು ತಳ್ಳಿಹಾಕುವವರು ಅವನ ರೇಡಿಯೊಲೇರಿಯಾ ಚಿತ್ರಗಳನ್ನು ನೋಡಿಲ್ಲ. ಕಡಲಲ್ಲಿ ತೇಲುವ, ಕಣ್ಣಿಗೆ ಕಾಣದ ಏಕಕೋಶಜೀವಿಗಳು ಇವು. ಗಾಜಿನಂಥ ಸಿಲಿಕಾದ ಅಸ್ಥಿಪಂಜರ. ಮುಂಜಾನೆ ಹೊಸ್ತಿಲ ಮುಂದೆ ಚುಕ್ಕಿ ಇಟ್ಟು ಎಳೆದ ರಂಗೋಲಿಯೇ ಉರುಟಾಗಿ ಎದ್ದು ನೀರಿಗೆ ಬಿದ್ದ ಹಾಗೆ. ಬ್ರಿಟನ್ನಿನ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಜಗತ್ತಿನ ಕಡಲು ಸುತ್ತಿ ತಂದ ಮಾದರಿಗಳನ್ನು ನೋಡಿ, 1887ರ ವರದಿಯಲ್ಲಿ ಅವನು ಹೊಸದಾಗಿ ಹೆಸರಿಟ್ಟ ಪ್ರಭೇದಗಳು 3,500ಕ್ಕೂ ಹೆಚ್ಚು. 1899ರಿಂದ 1904ರವರೆಗೆ ಕಂತುಕಂತಾಗಿ ಬಂದ ‘ನಿಸರ್ಗದ ಕಲಾರೂಪಗಳು’ ಸಂಪುಟದ 100 ಫಲಕಗಳು ಇವತ್ತಿಗೂ ಚಿತ್ರಕಾರರ ಮೇಜಿನ ಮೇಲಿವೆ. 1900ರ ಪ್ಯಾರಿಸ್ ಮಹಾಪ್ರದರ್ಶನದ ಹೆಬ್ಬಾಗಿಲನ್ನು ವಾಸ್ತುಶಿಲ್ಪಿ ರೆನೆ ಬಿನೆ ಕಟ್ಟಿದ್ದು ರೇಡಿಯೊಲೇರಿಯಾ ನೋಡಿ.

ನಮ್ಮಲ್ಲೂ ಬರೆಯುವ ಕೈ, ಗೆರೆ ಎಳೆಯುವ ಕೈ ಎರಡೂ ಒಂದೇ ಆಗಿದ್ದ ವಿಜ್ಞಾನಿಯೊಬ್ಬರಿದ್ದರು: ಬಿ.ಜಿ.ಎಲ್. ಸ್ವಾಮಿ. ಅವರೂ ಭ್ರೂಣಶಾಸ್ತ್ರದವರೇ, ಆದರೆ ಸಸ್ಯಗಳ ಭ್ರೂಣ. ‘ಹಸುರು ಹೊನ್ನು’ ಪುಸ್ತಕದ ಗಿಡಗಳ ಚಿತ್ರಗಳನ್ನು ಬರೆದದ್ದು ಅವರೇ. ಮಾತಿನಲ್ಲಿ ಬೇಕಾದಷ್ಟು ತಮಾಷೆ, ಗೆರೆಯಲ್ಲಿ ಗಿಡ ಇದ್ದಂತೆ ಗಿಡ. ಹೆಕೆಲ್‌ನ ಗೆರೆಗೆ ಅಭಿಪ್ರಾಯಗಳಿದ್ದವು.

*

ಹೆಕೆಲ್‌ನ ಮೊದಲ ಹೆಂಡತಿ ಆನ್ನಾ ಸೇಥೆ ತೀರಿಕೊಂಡದ್ದು 1864ರ ಫೆಬ್ರವರಿ 16ರಂದು, ಅವನಿಗೆ ಮೂವತ್ತು ತುಂಬಿದ ದಿನ. ಸಂಶೋಧನೆಗೆ ಪದಕ ಬಂದ ದಿನವೂ ಅದೇ. ಮುಂದೆ ಉದ್ದುದ್ದ ಎಳೆಗಳ ಅಂಬಲಿ ಮೀನೊಂದಕ್ಕೆ ‘ಡೆಸ್ಮೊನೆಮಾ ಆನ್ನಾಸೇಥೆ’ ಎಂದು ಹೆಸರಿಟ್ಟ; ಆ ಎಳೆಗಳಲ್ಲಿ ಅವನಿಗೆ ಕಂಡದ್ದು ಅವಳ ಹೊಂಗೂದಲು. ಯೆನಾದಲ್ಲಿ ಕಟ್ಟಿಸಿದ ಮನೆಯ ಹೆಸರೂ ‘ವಿಲ್ಲಾ ಮೆಡೂಸಾ’. ಮೆಡೂಸಾ ಎಂದರೆ ಅಂಬಲಿ ಮೀನು.

*

ಇನ್ನು ಕಹಿಯ ಮಾತು. ಕನ್ನಡಿಗರಾದ ನಾವು ಹೆಕೆಲ್‌ನ ಲೆಕ್ಕದಲ್ಲಿ ಬೇರೆಯದೇ ಪ್ರಭೇದ ಎಂದು ಗೊತ್ತೇ? ಮನುಷ್ಯರನ್ನು ಅವನು 12 ಪ್ರಭೇದಗಳಾಗಿ ಒಡೆದ. ಅದರಲ್ಲೊಂದು ‘ಹೋಮೊ ದ್ರಾವಿಡ’: ದಖ್ಖನಿನವರು, ಸಿಂಹಳೀಯರು. ಭಾಗ ಮಾಡುವಾಗ ನೋಡಿದ್ದು ಕೂದಲು ನೆಟ್ಟಗಿದೆಯೋ ಗುಂಗುರೋ ಎಂಬುದನ್ನು. ಮೇಲಿನ ಮಣೆ ಯಾರಿಗೆ ಎಂದು ಕೇಳಬೇಕೇ? ಯೂರೋಪಿನವರಿಗೆ, ಅದರಲ್ಲೂ ಅವನ ಸ್ವಂತ ಜನಕ್ಕೆ. ದುರ್ಬಲ ಶಿಶುಗಳನ್ನು ಕೊಲ್ಲುತ್ತಿದ್ದ ಪ್ರಾಚೀನ ಸ್ಪಾರ್ಟಾದವರನ್ನು ಹೊಗಳಿ ಬರೆದ. ಜರ್ಮನಿಯ ಜನಾಂಗ ಶುದ್ಧೀಕರಣ ಸಂಘದ ಸದಸ್ಯನಾದ. ಭ್ರೂಣದ ಚಿತ್ರ ತಿದ್ದಿದ್ದಕ್ಕಿಂತ ಇದು ನನಗೆ ದೊಡ್ಡ ಅಪರಾಧವಾಗಿ ಕಾಣುತ್ತದೆ. ಅಲ್ಲಿ ಕೆಟ್ಟದ್ದು ಒಂದು ಪುಟ, ಇಲ್ಲಿ ಮನುಷ್ಯರ ಲೆಕ್ಕವೇ.

ನಾಜಿಗಳಿಗೆ ಅವನೇ ಗುರುವೇ ಎಂಬುದು ಬಗೆಹರಿಯದ ಜಗಳ. 1971ರಲ್ಲಿ ಡೇನಿಯಲ್ ಗ್ಯಾಸ್‌ಮನ್ ಹೌದೆಂದರು. 2008ರಲ್ಲಿ ರಾಬರ್ಟ್ ರಿಚರ್ಡ್ಸ್ ಅಲ್ಲವೆಂದು ದಪ್ಪ ಪುಸ್ತಕ ಬರೆದರು. ಹೆಕೆಲ್ 1906ರಲ್ಲಿ ಕಟ್ಟಿದ ಮೋನಿಸ್ಟ್ ಕೂಟಕ್ಕೆ 1933ರಲ್ಲಿ ಬೀಗ ಬಿದ್ದದ್ದಂತೂ ನಿಜ.

*

ಮೋನಿಸ್ಟ್ ಅಂದರೆ? ಜಡ-ಚೇತನ, ದೇವರು-ನಿಸರ್ಗ ಎರಡಿಲ್ಲ, ಇರುವುದು ಒಂದೇ ಎನ್ನುವವನು. ಹರಿಹರದ ದೇವಸ್ಥಾನಕ್ಕೆ ಹೋಗಿ ನೋಡಿ: ಒಂದೇ ಮೂರ್ತಿ, ಬಲಕ್ಕೆ ಹರ, ಎಡಕ್ಕೆ ಹರಿ. ಇಬ್ಬರಲ್ಲಿ ಯಾರಿಂದಲೂ ಸಾಯದಂತೆ ವರ ಪಡೆದಿದ್ದ ಗುಹಾಸುರನನ್ನು ಮುಗಿಸಲು ಇಬ್ಬರೂ ಒಂದಾದರೆಂದು ಸ್ಥಳಪುರಾಣ. 1224ರಲ್ಲಿ ಈ ಗುಡಿ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ. ಹೆಕೆಲ್‌ಗೂ ಇದಕ್ಕೂ ನಂಟು ಕಟ್ಟಬೇಡಿ. ಅವನದು ದೇವರನ್ನು ನಿಸರ್ಗದಲ್ಲಿ ಕರಗಿಸುವ ಪಂಥ. 1904ರಲ್ಲಿ ರೋಮಿನಲ್ಲಿ ಸೇರಿದ ಸ್ವತಂತ್ರ ಚಿಂತಕರು ಅವನನ್ನು ‘ಪ್ರತಿ-ಪೋಪ್’ ಎಂದೇ ಘೋಷಿಸಿದ್ದರು.

*

ಮುಳುಗಿದ ಖಂಡ ‘ಲೆಮೂರಿಯಾ’ ಮನುಷ್ಯನ ತೊಟ್ಟಿಲು ಎಂದವನೂ ಹೆಕೆಲ್. ಹೆಸರಿಟ್ಟವನು ಫಿಲಿಪ್ ಸ್ಕ್ಲೇಟರ್, 1864ರಲ್ಲಿ. ಮಡಗಾಸ್ಕರಿನ ಲೆಮೂರ್‌ಗಳ ನಂಟರು ಭಾರತದಲ್ಲಿ ಹೇಗೆ ಬಂದವು ಎಂಬುದು ಅವನ ತಲೆನೋವು. ಆ ನಂಟರಲ್ಲೊಂದು ನಮ್ಮ ತುಮಕೂರು ಸೀಮೆಯ ಕಾಡುಪಾಪ. ಖಂಡಗಳೇ ಸರಿಯುತ್ತವೆಂದು ತಿಳಿದ ಮೇಲೆ ಲೆಮೂರಿಯಾ ಬೇಕಾಗಲಿಲ್ಲ. ತಮಿಳರ ಕುಮರಿ ಖಂಡದ ಕನಸಿನಲ್ಲಿ ಮಾತ್ರ ಅದು ಮುಳುಗದೆ ಉಳಿದಿದೆ.

ಮಂಗನಿಗೂ ಮನುಷ್ಯನಿಗೂ ನಡುವಿನ ಜೀವಿಗೆ, ಒಂದು ಮೂಳೆಯೂ ಸಿಗುವ ಮುಂಚೆ, ಹೆಕೆಲ್ ‘ಪಿಥೆಕಾಂತ್ರೊಪಸ್’ ಎಂದು ಹೆಸರಿಟ್ಟುಬಿಟ್ಟಿದ್ದ. ಅದನ್ನು ನಂಬಿ ಹೊರಟ ಡಚ್ ವೈದ್ಯ ಯೂಜೀನ್ ಡ್ಯೂಬ್ವಾಗೆ 1891ರಲ್ಲಿ ಜಾವಾ ದ್ವೀಪದಲ್ಲಿ ತಲೆಬುರುಡೆ ಸಿಕ್ಕೇಬಿಟ್ಟಿತು. ಕಾಣುವ ಮುಂಚೆ ಬರೆಯುವ ಚಾಳಿ ಒಂದು ಸಲವಾದರೂ ಫಲ ಕೊಟ್ಟಿತು ನೋಡಿ.

*

ಕೊನೆಯದು, ದ್ವಿತೀಯ ಪಿಯುಸಿ ಮಕ್ಕಳಿಗೆ. ನಮ್ಮ ಕಾಲೇಜುಗಳಲ್ಲಿ ಓದಿಸಿಕೊಂಡು ಬಂದಿರುವ ಎನ್‌ಸಿಇಆರ್‌ಟಿ ಜೀವಶಾಸ್ತ್ರದ ವಿಕಾಸದ ಪಾಠದಲ್ಲಿ ಹೆಕೆಲ್‌ನ ಹೆಸರಿದೆ. ಭ್ರೂಣಗಳಿಂದ ವಿಕಾಸಕ್ಕೆ ಆಧಾರ ಸಿಗುತ್ತದೆಂದು ಅವನು ಹೇಳಿದ, ಕಾರ್ಲ್ ಎರ್ನ್‌ಸ್ಟ್ ಫಾನ್ ಬೇರ್ ಸೂಕ್ಷ್ಮವಾಗಿ ಅಧ್ಯಯನ ಮಾಡಿ ಅದನ್ನು ತಳ್ಳಿಹಾಕಿದ ಎಂಬರ್ಥದ ಮಾತು ಅಲ್ಲಿದೆ. ಭ್ರೂಣ ಬೇರೆ ಪ್ರಾಣಿಯ ಬೆಳೆದ ರೂಪವನ್ನು ಹಾದುಬರುವುದಿಲ್ಲ ಎಂದು ಫಾನ್ ಬೇರ್ ಬರೆದದ್ದು ನಿಜ. ಬರೆದ ವರ್ಷ 1828. ಹೆಕೆಲ್ ಹುಟ್ಟಲು ಇನ್ನೂ ಆರು ವರ್ಷವಿತ್ತು.

ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿ ಇದ್ದಂತೆಯೇ ಬರೆಯಿರಿ. ಅಂಕ ಬೇಕಲ್ಲ.